ಬಾಗಲದಿಂದ ಬಾಗಲದ ತನಕ: ಗೋವಾದಾಗ ಹೌಸ್‌ಕೀಪಿಂಗ್ ಕೆಲಸಕ್ಕ ಬೇಕಾಗೂ ಇಂಗ್ಲಿಷ್

ಹೋದ ಅಕ್ಟೋಬರ್‌ದಾಗ ನಮ್ಮ ತಂಗಿ ಮಗ ಗದಗಿನ್ಯಾಗ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ಮಡಗಾಂವದಾಗ ಇಳದ. ಬ್ಯಾಗಿನ್ಯಾಗ ಮೂರು ಅಂಗಿ, ಒಂದು ಗಂಟು ಕಟಕ ರೊಟ್ಟಿ, ಶೇಂಗಾ ಚಟ್ನಿ, ಮತ್ತ ಬಸ್‌ಸ್ಟ್ಯಾಂಡಿನ್ಯಾಗ ಮಾರ್ತಾರಲ್ಲ, ಮೂವತ್ತು ದಿನದಾಗ ಇಂಗ್ಲಿಷ್ ಕಲಿಸ್ತೀವಿ ಅನ್ನೂ ನಮೂನಿ ಬುಕ್ಕು. ಪಾಪ ಪೂರಾ ಬಾಯಿಪಾಠ ಮಾಡಿದ್ದ, ಲಯನ್ ಅಂದ್ರ ಸಿಂಹ, ಅಗ್ರಿಕಲ್ಚರ್ ಅಂದ್ರ ಒಕ್ಕಲುತನ, ಎಲ್ಲಾ ಬರ್ತಿತ್ತು. ಕಲಂಗುಟ್ ಕಡೆ ಒಂದು ಹೋಟೆಲ್‌ನಾಗ ರೂಮ್ ಬಾಯ್ ಅಂತ ಸೇರ್ಸಿದ್ವಿ. ಮೂರನೇ ದಿನ ಗೆಸ್ಟ್ ಒಬ್ಬಾಕಿ ಎರಡು ಪಿಲ್ಲೋಕೇಸ್ ಮತ್ತ ಒಂದು ಬಿನ್ ಲೈನರ್ ಬೇಕು ಅಂದ್ಳಂತ, ಇಂವ ಓಡಿಹೋಗಿ ಎರಡು ತೆಲಿದಿಂಬು ಮತ್ತ ರಿಸೆಪ್ಶನ್ನಿಂದ ಒಂದು ಪೆನ್ನು ತಂದು ಕೊಟ್ಟಾನ. ಆಕಿ ಕೇಳಿದ್ದು ದಿಂಬಿನ ಚೀಲ ಮತ್ತ ಕಸದ ಡಬ್ಬಿ ಒಳಗ ಹಾಕೂ ಪ್ಲಾಸ್ಟಿಕ್ ಚೀಲ.

ನಾನು ಇದ ಕೆಲಸದಾಗ ಹದಿನಾಲ್ಕು ವರ್ಷ ತೆಗದೀನಿ, ಈಗ ಫ್ಲೋರ್ ಸೂಪರ್‌ವೈಸರ್ ಅದೀನಿ, ನಂದೂ ಕಥಿ ಹಿಂಗ ಶುರು ಆಗಿದ್ದು. ಅವತ್ತಿಂದ ಹೊಸ ಹುಡುಗರಿಗೆ ನಾನು ಹೇಳೂದು ಒಂದ, ಶಬ್ದಾನ ಎ ಬಿ ಸಿ ಡಿ ಪ್ರಕಾರ ಕಲೀಬ್ಯಾಡ್ರಿ, ರೂಮ್ ಕ್ಲೀನ್ ಮಾಡೂ ಪ್ರಕಾರ ಕಲೀರಿ. ಕೈ ಯಾವ ಆರ್ಡರ್‌ದಾಗ ಓಡತೈತೋ ಬಾಯಿನೂ ಅದ ಆರ್ಡರ್‌ದಾಗ ಓಡಬೇಕು. ಮಾಪ್ ಕೈಯಾಗ ಹಿಡಕೊಂಡು ಕಲಿತ ಶಬ್ದ ಮರಿಯೂದಿಲ್ಲ, ಬುಕ್ಕಿನ್ಯಾಗ ನೋಡಿದ್ದು ಗೆಸ್ಟ್ ಎದುರು ನಿಂತಾಗ ಬರೂದಿಲ್ಲ. ಅದಕ್ಕ ಇಲ್ಲೆ ಬಾಗಲದಿಂದ ಶುರು ಮಾಡಿ ಮತ್ತ ಬಾಗಲಕ್ಕ ಬಂದು ಮುಗಸ್ತೀನಿ.

0. ಮೊದ್ಲು ಒಂದು ಸಣ್ಣ ಡೈರಿ

ಕಿಸೆದಾಗ ಹಿಡಿಯೂ ಅಷ್ಟ ಸಣ್ಣದು ಸಾಕು. ಅದರಾಗ ಸ್ಪೆಲ್ಲಿಂಗ್ ಬರಿಯಾಕ ಹೋಗಬ್ಯಾಡ್ರಿ, ಕಿವಿಗೆ ಹೆಂಗ ಕೇಳಸ್ತೈತೋ ಹಂಗ ಕನ್ನಡದಾಗ ಬರೀರಿ. ಯಾಕಂದ್ರ ಈ ಕೆಲಸದ ಇಂಗ್ಲಿಷ್ ಬರೆಯೂದು ಒಂದು, ಓದೂದು ಇನ್ನೊಂದು. ಮೆತ್ತನ ದಪ್ಪ ಹೊದಿಕಿಗೆ, ನಮ್ಮ ಕೌದಿ ಇದ್ದಂಗ ಅನ್ನಕೋರಿ, ಅದರ ಕೊನಿಗೆ ಟಿ ಅಕ್ಷರ ಇರ್ತೈತಿ ಆದ್ರ ಅನ್ನೂದು ಡೂವೇ, ಡುವೆಟ್ ಅಲ್ಲ. ದೊಡ್ಡ ರೂಮಿಗೆ ಸೂಟ್ ಅಂತ ಓದ್ತಾರ ನಮ್ಮ ಮಂದಿ, ಅದು ಸ್ವೀಟ್, ತಿನ್ನೂ ಸ್ವೀಟ್ ಹೆಂಗ ಅಂತೀವೋ ಹಂಗ. ಚಾದರ, ಟಾವೆಲ್ ಎಲ್ಲಾ ಕೂಡಿ ಲಿನಿನ್, ಲೈನನ್ ಅಲ್ಲ. ಪ್ಲಂಬರ್‌ದಾಗ ಬಿ ಐತಿ, ಬಾಯಾಗ ಬರಬಾರದು, ಪ್ಲಮರ್.

ಇನ್ನೊಂದು ನಮ್ಮ ಚಟ ಐತಲ್ಲ, ಎಲ್ಲಾ ಶಬ್ದದ ಕೊನಿಗೆ ಉ ಹಚ್ಚೂದು. ಬೆಡ್ಡು, ಮಾಪು, ಬಕೆಟ್ಟು, ಟವೆಲ್ಲು. ಮನ್ಯಾಗ ಚಂದ ಕೇಳಸ್ತೈತಿ, ಫಾರಿನ್ ಗೆಸ್ಟ್‌ಗೆ ತಿಳಿಯೂದಿಲ್ಲ. ಬಾಲ ಕತ್ತರಿಸಿ ಹೇಳ್ರಿ, ಬೆಡ್, ಮಾಪ್. ಮತ್ತ ಶೀಟ್ ಅನ್ನಬೇಕಾದ್ರ ದೀರ್ಘ ಎಳೀರಿ ತಾಯಂದ್ರಾ, ಶೀ...ಟ್. ಗಿಡ್ಡ ಮಾಡಿದ್ರಿ ಅಂದ್ರ ಬೈಗುಳ ಆಗ್ತೈತಿ, ಒಬ್ಬ ಹುಡುಗ ಒಬ್ಬ ಅಜ್ಜಗ ಮುಖಕ್ಕ ಮುಖ ಕೊಟ್ಟು ಐ ವಿಲ್ ಚೇಂಜ್ ಯುವರ್ ಅಂತ ಅಂದು ಮುಂದ ಅದನ್ನ ಅಂದಿದ್ದ, ಅಜ್ಜ ಭಾಳ ಹೊತ್ತು ನಕ್ಕ, ಪುಣ್ಯಾ. ಸೋಪ್ ಮತ್ತ ಸೂಪ್ ಕೂಡ ಹಂಗ, ಒಂದು ಬಾತ್‌ರೂಮಿಗೆ, ಇನ್ನೊಂದು ಅಡಗಿಮನಿಗೆ.

1. ಬಾಗಲದ ಮುಂದ

ಹಿಡಿಕಿಗೆ ಏನು ನೇತಾಡಾಕತ್ತೈತಿ ನೋಡ್ರಿ. ಡು ನಾಟ್ ಡಿಸ್ಟರ್ಬ್ ಅಂತಿದ್ರ ಮುಟ್ಟಬ್ಯಾಡ್ರಿ, ಬಡಿಯೂದೂ ಬ್ಯಾಡ, ನಿಮ್ಮ ರೂಮ್ ಲೆಕ್ಕದ ಶೀಟಿನ್ಯಾಗ (ಚಾದರ ಅಲ್ಲ, ಕಾಗದ) ಡಿಎನ್‌ಡಿ ಅಂತ ಟೈಮ್ ಹಾಕಿ ಬರೀರಿ. ಪ್ಲೀಸ್ ಮೇಕ್ ಅಪ್ ಮೈ ರೂಮ್ ಅಂತಿದ್ರ ಮೇಕಪ್ ಡಬ್ಬಿ ಅಲ್ಲ, ರೂಮ್ ಸ್ವಚ್ಛ ಮಾಡ್ರಿ ಅಂತ ಅರ್ಥ. ಏನೂ ಇಲ್ಲಂದ್ರ ಬೆಟ್ಟಿನ ಗೆಣ್ಣಿನಿಂದ ಮೂರು ಸಲ ಬಡೀರಿ, ಚಾವಿ ಕೀಲಿಯಿಂದ ಬಡೀಬ್ಯಾಡ್ರಿ, ಗಟ್ಟಿಯಾಗಿ ಹೌಸ್‌ಕೀಪಿಂಗ್ ಅನ್ರಿ, ಹತ್ತು ಎಣಸ್ರಿ, ಮತ್ತ ಬಡೀರಿ, ಮತ್ತ ಅನ್ರಿ. ಆಮ್ಯಾಲ ಬಾಗಲಾ ಸ್ವಲ್ಪ ತೆಗದು ಇನ್ನೊಮ್ಮೆ ಹೌಸ್‌ಕೀಪಿಂಗ್. ಮೂರು ಸಲ ಯಾಕಂದ್ರ, ಬಾತ್‌ರೂಮಿನ್ಯಾಗ ಶವರ್ ಚಾಲೂ ಇದ್ರ ಎರಡೂ ಸಲ ಕೇಳಿಸಿರೂದಿಲ್ಲ, ಆಮ್ಯಾಲ ನಾಚಿಕಿ ಇಬ್ರಿಗೂ.

ಗೆಸ್ಟ್ ಒಳಗ ಇದ್ರ ಎರಡ ಸಾಲು ಸಾಕು. ಗುಡ್ ಮಾರ್ನಿಂಗ್ ಮ್ಯಾಡಮ್, ಮೇ ಐ ಕ್ಲೀನ್ ಯುವರ್ ರೂಮ್ ನೌ? ಬ್ಯಾಡ ಅನ್ನೂ ಹಂಗ ಮಾರಿ ಮಾಡಿದ್ರ, ಶಲ್ ಐ ಕಮ್ ಬ್ಯಾಕ್ ಲೇಟರ್? ಇದನ್ನ ಕನ್ನಡಿ ಮುಂದ ನಿಂತು ಐವತ್ತು ಸಲ ಹೇಳ್ರಿ, ಕರೆನ ಹೇಳ್ತೀನಿ. ಮ್ಯಾಡಮ್ ಯು ಗೋ ಔಟ್ ಐ ಕ್ಲೀನ್ ಅಂತ ಅನ್ನೂದು ಕೇಳೀನಿ, ಕೆಲಸ ಛಲೋ ಮಾಡೂ ಹುಡುಗಿ ಆಕಿ, ಆದ್ರ ಕಂಪ್ಲೇಂಟ್ ಬಂತು.

2. ಒಳಗ ಹೋದ ಕೂಡ್ಲೆ

ಕರ್ಟನ್ ಸರಿಸೂದಕ್ಕ ಡ್ರಾ ದ ಕರ್ಟನ್ಸ್ ಅಂತಾರ, ಡ್ರಾಯಿಂಗ್ ಅಲ್ಲ, ಎಳಿಯೂದು. ಇದು ತೆಗಿಯೂದಕ್ಕೂ ನಡೀತೈತಿ, ಹಾಕೂದಕ್ಕೂ ನಡೀತೈತಿ, ಹಗಲಿದ್ರ ತೆಗೀರಿ, ಸಂಜಿಯಾಗಿದ್ರ ಹಾಕ್ರಿ. ಆಮ್ಯಾಲ ಎಂಪ್ಟಿ ದ ಬಿನ್, ಕಸದ ಡಬ್ಬಿ ಖಾಲಿ ಮಾಡೂದು, ಹೊಸಾ ಲೈನರ್ ಹಾಕೂದು. ಬ್ರಿಟಿಷ್ ಮಂದಿ ಕಸಕ್ಕ ರಬಿಶ್ ಅಂತಾರ, ಅಮೆರಿಕಾದೋರು ಟ್ರ್ಯಾಶ್ ಇಲ್ಲಾ ಗಾರ್ಬೇಜ್, ಡಬ್ಬಿಗೆ ನಾವು ಡಸ್ಟ್‌ಬಿನ್ ಅಂತೀವಿ. ಬಿನ್ ಒಳಗ ಇರದ ಯಾವ ಚೀಟಿನೂ ಒಗೀಬ್ಯಾಡ್ರಿ, ಹರಕು ಕಾಗದ ಇದ್ರೂ ಸೈ. ಟೇಬಲ್ ಮ್ಯಾಲ ಅರ್ಧ ತಿಂದ ತಟ್ಟಿ ಇತ್ತು ಅಂದ್ರ, ಶಲ್ ಐ ಟೇಕ್ ದಿಸ್ ಅವೇ? ಅಂತ ಕೇಳಿ ಒಯ್ರಿ.

3. ಹಾಸಿಗಿ

ಇಲ್ಲೆ ಶಬ್ದ ಭಾಳ ಅದಾವ, ಅವಸರಾ ಮಾಡಬ್ಯಾಡ್ರಿ.

ಮೊದಲನೇದು ಸ್ಟ್ರಿಪ್ ದ ಬೆಡ್. ಈ ಶಬ್ದ ಕೇಳಿ ಹೊಸಾ ಹುಡುಗ್ಯಾರು ನಾಚ್ತಾರ, ಆದ್ರ ಇಲ್ಲೆ ಅರಿವಿ ಕಳಿಯೂದು ಹಾಸಿಗಿದು, ಹಳೇ ಚಾದರ, ದಿಂಬಿನ ಚೀಲ ಎಲ್ಲಾ ತೆಗಿಯೂದು. ತೆಗಿಯೂಮುಂದ ಝಾಡಿಸಿ ತೆಗೀರಿ, ಶೇಕ್ ಅಂತಾರ ಅದಕ್ಕ, ಕಿವಿಯೋಲೆ, ಮೊಬೈಲ್ ಚಾರ್ಜರ್, ಒಮ್ಮೊಮ್ಮೆ ಹಲ್ಲಿನ ಸೆಟ್ ಸುದ್ದಾ ಸಿಗ್ತಾವ. ತೆಗದಿದ್ದು ಸಾಯಿಲ್ಡ್ ಲಿನಿನ್, ತೊಳದು ಬಂದಿದ್ದು ಫ್ರೆಶ್ ಲಿನಿನ್. ಎರಡನ್ನೂ ಟ್ರಾಲಿ ಮ್ಯಾಲ ಒಂದ ಕಡೆ ಇಡಬ್ಯಾಡ್ರಿ.

ಗಾದಿಗೆ ಮ್ಯಾಟ್ರೆಸ್, ಅದರ ಮ್ಯಾಲಿನ ತೆಳ್ಳನ ಕವರ್‌ಗೆ ಮ್ಯಾಟ್ರೆಸ್ ಪ್ರೊಟೆಕ್ಟರ್. ಅಂಚಿಗೆ ಇಲಾಸ್ಟಿಕ್ ಇದ್ದ ಚಾದರ ಫಿಟೆಡ್ ಶೀಟ್, ಇಲ್ಲದ್ದು ಫ್ಲ್ಯಾಟ್ ಶೀಟ್. ಹಾಸಿದ ಮ್ಯಾಲ ಉಳದ ಅಂಚನ್ನ ಗಾದಿ ಬುಡಕ ತುರುಕತೀವಲ್ಲ ಅದು ಟಕ್ ಇನ್. ಮೂಲ್ಯಾಗ 45 ಡಿಗ್ರಿ ಓರೆ ಮಡಚಿ ತುರುಕಿದ್ರ ಮೈಟರ್ಡ್ ಕಾರ್ನರ್, ಕೆಲವರು ಹಾಸ್ಪಿಟಲ್ ಕಾರ್ನರ್ ಅಂತಾರ, ಇಂಟರ್‌ವ್ಯೂದಾಗ ಇದನ್ನ ಕೇಳ್ತಾರ, ಬರೇ ಹೆಸರಲ್ಲ ಮಾಡಿ ತೋರಸ್ರಿ ಅಂತಾರ. ಸುಕ್ಕು ಅಂದ್ರ ರಿಂಕಲ್, ಹರದಿದ್ರ ಟೋರ್ನ್, ಕಲಿ ಬಿದ್ದಿದ್ರ ಸ್ಟೇನ್. ಗೋವಾದಾಗ ಸ್ಟೇನ್ ಎರಡು ನಮೂನಿ ಭಾಳ, ಬೀಚಿನಿಂದ ಬಂದ ಮಂದಿ ಸನ್‌ಸ್ಕ್ರೀನ್ ಮೈಗೆ ಹಚ್ಚಿಕೊಂಡ ಮಲಗ್ತಾರ, ಹಳದಿ ಕಲಿ, ಮತ್ತ ಮಳಿಗಾಲದಾಗ ಕೆಂಪು ಮಣ್ಣಿನ ಕಾಲು. ಲಾಂಡ್ರಿಗೆ ಕೊಡೂಮುಂದ ಸನ್‌ಸ್ಕ್ರೀನ್ ಸ್ಟೇನ್, ಮಡ್ ಸ್ಟೇನ್ ಅಂತ ಬ್ಯಾರೆ ಬ್ಯಾರೆ ಹೇಳ್ರಿ, ತೆಗಿಯೂ ಔಷಧ ಬ್ಯಾರೆ ಇರ್ತಾವ.

ಡಬಲ್ ಅಂದ್ರ ಇಬ್ಬರಿಗೆ ಒಂದ ಹಾಸಿಗಿ, ಟ್ವಿನ್ ಅಂದ್ರ ಒಂದ ರೂಮಿನ್ಯಾಗ ಇಬ್ಬರಿಗೆ ಎರಡು ಬ್ಯಾರೆ ಹಾಸಿಗಿ. ಇದನ್ನ ಅದಲಬದಲ ಮಾಡಿ ನಾನು ಒಮ್ಮೆ ಹೊಸಾ ಮದುವಿ ಜೋಡಿಗೆ ನಡುವ ಟೇಬಲ್ ಇಟ್ಟು ಹಾಸಿಗಿ ಬ್ಯಾರೆ ಮಾಡಿ ಬಂದಿದ್ದೆ.

ಸಂಜಿಕೆ ಟರ್ನ್‌ಡೌನ್ ಸರ್ವಿಸ್ ಅಂತ ಇರ್ತೈತಿ, ದೊಡ್ಡ ಹೋಟೆಲ್‌ನಾಗ. ಡೂವೇದ ಒಂದು ಮೂಲಿ ಮಡಚಿ ಮಲಗಾಕ ತಯಾರ ಮಾಡೂದು, ಲೈಟ್ ಸಣ್ಣ ಮಾಡೂದು, ಕರ್ಟನ್ ಹಾಕೂದು, ನೀರ್ ಇಡೂದು, ಅಷ್ಟ.

4. ನಮ್ಮ ಒಂದ ಒರಸೂದು, ಅವರ ನಾಕು

ನಮ್ಮ ಮಂದಿ ಎಡವೂದು ಬರೋಬ್ಬರಿ ಇಲ್ಲೆ ನೋಡ್ರಿ. ಕನ್ನಡದಾಗ ಟೇಬಲ್ಲೂ ಒರಸ್ತೀವಿ, ನೆಲಾನೂ ಒರಸ್ತೀವಿ, ಮಾರಿನೂ ಒರಸ್ತೀವಿ. ಇಂಗ್ಲಿಷಿನ್ಯಾಗ ಏನು ಒರಸ್ತೀರಿ, ಎದರಿಂದ ಒರಸ್ತೀರಿ ಅನ್ನೂದರ ಮ್ಯಾಲ ಶಬ್ದ ಬದಲಾಗ್ತೈತಿ. ಒಣ ಬಟ್ಟಿಲೆ ಟಿವಿ, ಟೇಬಲ್, ಕುರ್ಚಿ ಧೂಳ ತೆಗದ್ರ ಡಸ್ಟ್. ಹಸಿ ಬಟ್ಟಿಲೆ ತೆಗದ್ರ ವೈಪ್. ಕೋಲಿನ ಮಾಪ್‌ನಿಂದ ನೆಲಾ ಒರಸಿದ್ರ ಮಾಪ್, ಸಾಮಾನಿನ ಹೆಸರ ಕೆಲಸದ ಹೆಸರು. ನೀರಿನ ಪಸಿ ಹೋಗೂ ಹಂಗ ಒರಸಿದ್ರ ಡ್ರೈ. ಹೊಳಿಯೂ ಹಂಗ ಒರಸಿದ್ರ ಪಾಲಿಶ್, ಅರೇ ಐದಾತಲ್ಲ, ಇರ್ಲಿ ಬಿಡ್ರಿ. ಡಸ್ಟ್ ಅನ್ನೂದು ಧೂಳಿಗೂ ಹೆಸರು, ಧೂಳ ತೆಗಿಯೂದಕ್ಕೂ ಹೆಸರು, ಅದಕ್ಕ ಐ ಆಮ್ ಡಸ್ಟಿಂಗ್ ಅಂದ್ರ ಧೂಳ ಎಬ್ಬಸಾಕತ್ತೀನಿ ಅಂತ ಅಲ್ಲ.

ಹಂಗ ತೊಳಿಯೂದೂ ಒಡೀತೈತಿ. ಸಾಬಾಣ ಹಚ್ಚಿ ತೊಳದ್ರ ವಾಶ್, ಸಾಬಾಣ ಹೋಗೂ ಹಂಗ ಬರೇ ನೀರು ಹಾಕಿದ್ರ ರಿನ್ಸ್, ನೆನಿ ಹಾಕಿದ್ರ ಸೋಕ್, ಕಮೋಡಿಗೆ ನೀರ್ ಬಿಟ್ರ ಫ್ಲಶ್. ತಿಕ್ಕೂದು ಸ್ಕ್ರಬ್. ಕಸಾ ಹೊಡಿಯೂದು ಸ್ವೀಪ್, ಕಸಬರಗಿ ಬ್ರೂಮ್, ಕಸಾ ಎತ್ತೂ ಮರಕ್ಕ ಡಸ್ಟ್‌ಪ್ಯಾನ್. ಮಷೀನಿಂದ ಎಳದ್ರ ವ್ಯಾಕ್ಯೂಮ್, ಬ್ರಿಟಿಷ್ ಗೆಸ್ಟ್ ಹೂವರ್ ಅಂತಾರ, ಅದು ಒಂದು ಕಂಪನಿ ಹೆಸರು, ನಾವು ಝೆರಾಕ್ಸ್ ಅಂತೀವಲ್ಲ ಹಂಗ. ಜ್ಯಾಡ ಬಲಿ ಕಾಬ್‌ವೆಬ್.

ಇಲ್ಲೆ ಹಿಂದಿ ಮರಾಠಿಯೋರ ಜೋಡಿ ಕೆಲಸ, ಸೂಪರ್‌ವೈಸರ್ ಪೋಛಾ ಮಾರೋ ಅಂತಾನ, ಮರಾಠಿ ಬಾಯಿ ಲಾದಿ ಪುಸ ಅಂತಾಳ, ಎರಡೂ ಮಾಪ್ ಅಂತನ. ನಾಕು ಭಾಷೆ ಕಿವ್ಯಾಗ ಬೀಳ್ತಾವ, ಡೈರಿಯಾಗ ನಾಕೂ ಒಂದ ಸಾಲಿನ್ಯಾಗ ಬರಕೊಂಡ್ರ ಛಲೋ.

5. ಬಾತ್‌ರೂಮ್, ಮತ್ತ ಔಷಧದ ಬಾಟ್ಲಿ

ಮೊದ್ಲು ಕಮೋಡ್ ಫ್ಲಶ್ ಮಾಡಿ ಟಾಯ್ಲೆಟ್ ಬೌಲ್ ಕ್ಲೀನರ್ ಹಾಕಿ ಬಿಡ್ರಿ, ಅದು ಕೆಲಸ ಮಾಡೂತನಕ ಉಳದಿದ್ದು ನೋಡ್ಕೋರಿ. ಲೀವ್ ಫಾರ್ ಟೆನ್ ಮಿನಿಟ್ಸ್ ಅಂತ ಬಾಟ್ಲಿ ಮ್ಯಾಲ ಬರದಿರ್ತಾರ, ಹತ್ತು ನಿಮಿಷ ಬಿಡ್ರಿ ಅಂತ, ಬಿಟ್ಟು ಹೋಗ್ರಿ ಅಂತಲ್ಲ. ಕಮೋಡ್ ಅಂದ್ರ ಫಾರಿನ್ ಮಂದಿಗೆ ಸರಿಯಾಗಿ ತಿಳಿಯೂದಿಲ್ಲ, ಟಾಯ್ಲೆಟ್ ಅನ್ರಿ, ಮ್ಯಾಲಿನ ಮುಚ್ಚಳ ಲಿಡ್, ಕೂಡೂದು ಸೀಟ್. ಗಾಜಿನ ಮ್ಯಾಲಿನ ನೀರು ಎಳಿಯೂ ರಬ್ಬರ್ ಪಟ್ಟಿಗೆ ಸ್ಕ್ವೀಜಿ. ಒರಸಿದ ಮ್ಯಾಲೂ ಕನ್ನಡಿ ಮ್ಯಾಲ ಗೆರಿ ಉಳದ್ರ ಸ್ಟ್ರೀಕ್, ಬೆರಳಿನ ಗುರ್ತು ಸ್ಮಜ್, ನಲ್ಲಿ ಮ್ಯಾಲ ಬೆಳ್ಳಗ ಉಪ್ಪು ಕಟ್ಟಿದಂಗ ಆಗಿದ್ರ ಲೈಮ್‌ಸ್ಕೇಲ್, ಟೈಲ್ಸ್ ನಡುವಿನ ಸಂದಿ ಗ್ರೌಟ್. ಮಳಿಗಾಲದಾಗ, ಜೂನ್‌ನಿಂದ ಸೆಪ್ಟೆಂಬರ್ ತನಕ, ಗ್ವಾಡಿ ಮ್ಯಾಲ, ಕಪಾಟಿನ್ಯಾಗ ಕರಿ ಬೂಸ್ಟು ಬರ್ತೈತಲ್ಲ ಅದು ಮೋಲ್ಡ್. ಆ ವಾಸನಿಗೆ ಮಸ್ಟಿ ಸ್ಮೆಲ್, ಪಸಿಗೆ ಡ್ಯಾಂಪ್. ಗೋವಾದಾಗ ಈ ಮೂರು ಶಬ್ದ ಬರದ ಇದ್ರ ಮಳಿಗಾಲದಾಗ ಗೆಸ್ಟ್ ಕಂಪ್ಲೇಂಟ್ ಒಂದೂ ತಿಳಿಯೂದಿಲ್ಲ.

ಬಟ್ಟಿ ಬಣ್ಣಾ ನೋಡ್ರಿ. ಭಾಳ ಕಡೆ ಕೆಂಪು ಟಾಯ್ಲೆಟ್‌ಗೆ, ಹಳದಿ ಬೇಸಿನ್ ಮತ್ತ ಶವರ್‌ಗೆ, ನೀಲಿ ರೂಮಿನ ಸಾಮಾನಿಗೆ, ಹಸಿರು ಊಟದ ಜಾಗಾಕ್ಕ. ನಿಮ್ಮ ಹೋಟೆಲ್‌ನಾಗ ಬ್ಯಾರೆ ಇದ್ರ ಮೊದಲನೇ ದಿನಾನ ಕೇಳಿ ಬರಕೋರಿ. ಕೆಂಪು ಬಟ್ಟಿಲೆ ನೀರು ಕುಡಿಯೂ ಗ್ಲಾಸ್ ಒರಸಿದೋರು ಎಲ್ಲೇನೂ ಉಳಿಯೂದಿಲ್ಲ.

ಈಗ ಬಾಟ್ಲಿ. ದೊಡ್ಡ ಹೋಟೆಲ್‌ನಾಗ ಟಾಸ್ಕಿ ಅನ್ನೂ ಬ್ರ್ಯಾಂಡಿನ ಆರ್ ಸೀರೀಸ್, ಅಂದ್ರ ನಂಬರ್ ಹಾಕಿದ ಕ್ಲೀನಿಂಗ್ ಔಷಧ ಇರ್ತೈತಿ, ಆರ್-ಟೂ ಎಲ್ಲಾ ಕಡೆ ಒರಸಾಕ, ಆರ್-ತ್ರೀ ಗ್ಲಾಸಿಗೆ, ಆರ್-ಫೋರ್ ಫರ್ನಿಚರ್ ಪಾಲಿಶ್, ಆರ್-ಫೈವ್ ರೂಮಿಗೆ ಹೊಡಿಯೂ ಸುವಾಸನಿ ಸ್ಪ್ರೇ, ಆರ್-ಸಿಕ್ಸ್ ಟಾಯ್ಲೆಟ್ ಬೌಲ್‌ಗೆ. ಸಣ್ಣ ಗೆಸ್ಟ್‌ಹೌಸಿನ್ಯಾಗ ನಂಬರ್ ಇಲ್ಲ, ಖಾಲಿ ಬಿಸ್ಲೇರಿ ಬಾಟ್ಲಿಯೊಳಗ ಹಾಕಿ ಇಟ್ಟಿರ್ತಾರ, ಅದು ಅಪಾಯ, ಚಿಕ್ಕ ಚೀಟಿ ಹಚ್ಚಿ ಹೆಸರು ಬರೀರಿ. ಲೇಬಲ್ ಮ್ಯಾಲಿನ ಈ ಶಬ್ದ ಗುರ್ತ ಹಿಡಿಯಾಕ ಬರಾಕಬೇಕು, ಬರೇ ಹೇಳಾಕ ಬಂದ್ರ ಸಾಲೂದಿಲ್ಲ, ಇಂಗ್ಲಿಷ್ ಅಕ್ಷರದ ರೂಪ ನೋಡಿ ಗುರ್ತ ಸಿಗಬೇಕು. ಡೈಲ್ಯೂಟ್ ಅಂದ್ರ ನೀರು ಬೆರಸು. 20 ಎಂಎಲ್ ಪರ್ ಲೀಟರ್ ಅಂದ್ರ ಒಂದು ಲೀಟರ್ ನೀರಿಗೆ 20 ಎಂಎಲ್ ಔಷಧ, ಉಲ್ಟಾ ಅಲ್ಲ. ಕರೋಸಿವ್ ಅಂದ್ರ ಚರ್ಮ ಸುಡ್ತೈತಿ, ಅದರ ಚಿತ್ರದಾಗ ಬಾಟ್ಲಿಯಿಂದ ಕೈ ಮ್ಯಾಲ ಹನಿ ಬೀಳಾಕತ್ತಿರ್ತೈತಿ. ಫ್ಲೇಮಬಲ್ ಅಂದ್ರ ಬೆಂಕಿ ಹತ್ತೂದು, ಇನ್‌ಫ್ಲೇಮಬಲ್ ಅಂದ್ರೂ ಅದ ಅರ್ಥ, ಇನ್ ಬಂತು ಅಂತ ಉಲ್ಟಾ ತಿಳಕೋಬ್ಯಾಡ್ರಿ. ವೆಲ್ ವೆಂಟಿಲೇಟೆಡ್ ಏರಿಯಾ, ಖಿಡಕಿ ತೆಗದ ಜಾಗಾ.

ಮತ್ತ ಡು ನಾಟ್ ಮಿಕ್ಸ್. ಇದೊಂದು ಮರೀಬ್ಯಾಡ್ರಿ. ನಮ್ಮ ಕಡೆ ಬಚ್ಚಲಾ ಬೆಳ್ಳಗಾಗ್ಲಿ ಅಂತ ಆಸಿಡ್ ಮತ್ತ ಬ್ಲೀಚಿಂಗ್ ಪೌಡರ್ ಕೂಡ್ಸಿ ತಿಕ್ಕೂ ಚಟ ಐತಿ. ಟಾಯ್ಲೆಟ್ ಕ್ಲೀನರ್‌ದಾಗ ಆಸಿಡ್ ಇರ್ತೈತಿ, ಬ್ಲೀಚ್ ಅದಕ್ಕ ಕೂಡಿದ್ರ ಕ್ಲೋರಿನ್ ಗ್ಯಾಸ್ ಬರ್ತೈತಿ, ಬಾಗಲಾ ಹಾಕಿದ ಸಣ್ಣ ಬಾತ್‌ರೂಮಿನ್ಯಾಗ ಉಸಿರು ಕಟ್ಟತೈತಿ, ಜೀವಕ್ಕೂ ಅಪಾಯ. ಅಮೋನಿಯಾ ಇರೂ ಗ್ಲಾಸ್ ಕ್ಲೀನರ್ ಜೋಡಿ ಬ್ಲೀಚ್ ಕೂಡಿದ್ರೂ ವಿಷದ ಗ್ಯಾಸ್. ಕಣ್ಣಿಗೆ ಹಾರಿದ್ರ ರಿನ್ಸ್ ವಿತ್ ಪ್ಲೆಂಟಿ ಆಫ್ ವಾಟರ್ ಅಂತ ಬರದಿರ್ತಾರ, ನಲ್ಲಿ ಕೆಳಗ ಕಣ್ಣ ಹಿಡದು ಭಾಳ ಹೊತ್ತು ನೀರು ಬಿಡೂದು, ತಿಕ್ಕಬಾರದು.

6. ನೆಲಾ

ಬೀಚ್ ಹತ್ರದ ಹೋಟೆಲ್ ಅಂದ್ರ ಉಸುಕು, ಸ್ಯಾಂಡ್. ಮೊದ್ಲು ಸ್ವೀಪ್, ಆಮ್ಯಾಲ ಮಾಪ್, ಉಸುಕಿನ ಮ್ಯಾಲ ಮಾಪ್ ಎಳದ್ರ ಟೈಲ್ಸ್ ಮ್ಯಾಲ ಸ್ಕ್ರ್ಯಾಚ್. ಹಸಿ ಇದ್ದಾಗ ವೆಟ್ ಫ್ಲೋರ್ ಬೋರ್ಡ್ ಇಡ್ರಿ, ಗೆಸ್ಟ್ ಬಂದ್ರ ಕೇರ್‌ಫುಲ್ ಮ್ಯಾಡಮ್, ದ ಫ್ಲೋರ್ ಇಸ್ ವೆಟ್. ಮುಗೀತು.

7. ಕೆಟ್ಟಿದ್ದು ಹೇಳೂದು

ಮೇಂಟೆನನ್ಸ್‌ಗೆ ಫೋನ್ ಮಾಡಿ ಹೇಳೂದು ಅಂದ್ರ ಎಲ್ಲಾರೂ ಅಂಜ್ತಾರ. ಒಂದು ಅಚ್ಚು ಐತಿ, ರೂಮ್ ನಂಬರ್, ಸಾಮಾನು, ಇಸ್, ಏನಾಗೇತಿ. ರೂಮ್ ತ್ರೀ ಓ ಫೋರ್, ದ ಟ್ಯಾಪ್ ಇಸ್ ಡ್ರಿಪ್ಪಿಂಗ್. ಅಷ್ಟ. ಡ್ರಿಪ್ಪಿಂಗ್ ಅಂದ್ರ ತಟಕ್ ತಟಕ್ ಹನಿ, ಲೀಕಿಂಗ್ ಅಂದ್ರ ಸೋರೂದು. ನೀರು ಹೋಗವಲ್ದು ಅಂದ್ರ ಬ್ಲಾಕ್ಡ್, ನಾವು ಚೋಕಪ್ ಅಂತೀವಿ, ನಮ್ಮ ಇಂಜಿನಿಯರ್‌ಗೆ ತಿಳೀತೈತಿ, ಗೆಸ್ಟ್‌ಗೆ ಬ್ಲಾಕ್ಡ್ ಅನ್ರಿ. ಲೈಟ್ ಮಿಣಕ್ ಮಿಣಕ್ ಅಂದ್ರ ಫ್ಲಿಕರಿಂಗ್, ಡ್ರಾವರ್ ಸಿಕ್ಕೊಂಡ್ರ ಸ್ಟಕ್, ಹಿಡಿಕಿ ಅಲುಗಾಡಿದ್ರ ಲೂಸ್, ಕಪ್ಪಿನ ಅಂಚು ಮುಕ್ಕಾಗಿದ್ರ ಚಿಪ್ಡ್, ಗೆರಿ ಬಿಟ್ಟಿದ್ರ ಕ್ರ್ಯಾಕ್ಡ್, ಇರಬೇಕಾದ್ದು ಇಲ್ಲಂದ್ರ ಮಿಸ್ಸಿಂಗ್. ಎಸಿ ಇಸ್ ನಾಟ್ ಕೂಲಿಂಗ್. ಕರೆಂಟ್ ಹೋತು ಅನ್ನೂದನ್ನ ಕರೆಂಟ್ ಗಾನ್ ಅನ್ನಬ್ಯಾಡ್ರಿ, ಪವರ್ ಕಟ್. ಗೀಸರ್ ಅಂದ್ರ ಅಮೆರಿಕಾದೋರಿಗೆ ನೆಲದಾಗಿಂದ ಚಿಮ್ಮೂ ಬಿಸಿನೀರಿನ ಬುಗ್ಗಿ, ವಾಟರ್ ಹೀಟರ್ ಅನ್ರಿ. ಅಲ್ಮೇರಾ ಅಂದ್ರ ತಿಳಿಯೂದಿಲ್ಲ, ವಾರ್ಡ್‌ರೋಬ್, ಅಮೆರಿಕಾದೋರು ಕ್ಲಾಸೆಟ್, ನಲ್ಲಿಗೆ ಫಾಸೆಟ್.

8. ಗೆಸ್ಟ್ ಕೇಳೂದು, ನಾವು ತಿಳಕೊಳ್ಳೂದು

ಒಂದು ಬುಧವಾರ ಅಂಜುನಾ ಮಾರ್ಕೆಟ್‌ದಿಂದ ಬಂದ ಬ್ರಿಟಿಷ್ ಮ್ಯಾಡಮ್ ಒಬ್ರು ಕಾರಿಡಾರಿನ್ಯಾಗ ಕುಂಟಕೋತ ಬಂದು, ಹ್ಯಾವ್ ಯು ಗಾಟ್ ಎ ಪ್ಲಾಸ್ಟರ್? ಅಂದ್ರು. ನಮ್ಮ ಹುಡುಗ ಮೇಂಟೆನನ್ಸ್‌ಗೆ ಫೋನ್ ಹಚ್ಚಿ ಪ್ಲಾಸ್ಟರ್ ಬೇಕಂತ ಅಂದ, ಗೌಂಡಿ ಕರಣಿ ಹಿಡಕೊಂಡು ಬಂದ. ಹೊಸಾ ಚಪ್ಪಲಿ ಕಚ್ಚಿ ಹಿಮ್ಮಡ ರಕ್ತ ಬಂದಿತ್ತು ಅವರಿಗೆ, ಬೇಕಾಗಿದ್ದು ಬ್ಯಾಂಡ್-ಏಡ್ ಪಟ್ಟಿ.

ಕಾಟ್ ಶಬ್ದ ನನಗ ಮಣ್ಣ ಮುಕ್ಕಿಸಿತ್ತು. ಗೆಸ್ಟ್ ಎ ಕಾಟ್ ಫಾರ್ ದ ಲಿಟಲ್ ಒನ್ ಅಂದ್ರು, ನಮ್ಮಲ್ಲೆ ಕಾಟ್ ಅಂದ್ರ ಮಂಚ ಅಲ್ಲೇನ್ರಿ, ಇಬ್ರು ಕೂಡಿ ಬೆವರು ಸುರಿಸಿ ಎಕ್ಸ್‌ಟ್ರಾ ಬೆಡ್ ಎಳಕೊಂಡು ಹೋದ್ವಿ, ಒಳಗ ಎಂಟು ತಿಂಗಳ ಕೂಸು ಕೈಕಾಲು ಬಡದು ನಗಾಕತ್ತಿತ್ತು. ಬ್ರಿಟಿಷರಿಗೆ ಕಾಟ್ ಅಂದ್ರ ಕೂಸಿನ ಕಟಕಟಿ ಮಂಚ, ಅಮೆರಿಕಾದೋರು ಅದನ್ನ ಕ್ರಿಬ್ ಅಂತಾರ, ಅವರಿಗೆ ಕಾಟ್ ಅಂದ್ರ ಮಡಚೂ ಮಂಚ. ಅನುಮಾನ ಬಂದ್ರ ಫಾರ್ ಎ ಬೇಬಿ? ಅಂತ ಕೇಳ್ರಿ, ಮುಗೀತು.

ಹಿಂಗ ಸಿಗೂವು ಇನ್ನೂ ಕೆಲವು. ಲೂ ರೋಲ್ ಅಂದ್ರ ಟಾಯ್ಲೆಟ್ ಪೇಪರ್. ಫ್ಲಾನೆಲ್ ಅಂದ್ರ ಮಾರಿ ಒರಸೂ ಸಣ್ಣ ಟವೆಲ್. ನ್ಯಾಪಿ ಅಂದ್ರ ಕೂಸಿನ ಡಯಾಪರ್, ನ್ಯಾಪ್ಕಿನ್ ಅಲ್ಲ. ಟಾರ್ಚ್ ಅಮೆರಿಕಾದಾಗ ಫ್ಲ್ಯಾಶ್‌ಲೈಟ್. ಆಸ್ಟ್ರೇಲಿಯಾದೋರು ಡೂವೇಕ್ಕ ಡೂನಾ ಅಂತಾರ. ಹಾಫ್ ಫೋರ್‌ಗೆ ಬರ್ರಿ ಅಂತ ಬ್ರಿಟಿಷ್ ಗೆಸ್ಟ್ ಅಂದ್ರ ನಾಕೂವರಿ, ಮೂರೂವರಿ ಅಲ್ಲ. ಅಸ್ಸಗಾಂವ, ಶಿವೋಲಿ ಕಡೆ ವಿಲ್ಲಾದಾಗ ಕೆಲಸ ಮಾಡೂ ಅಕ್ಕಂದಿರಿಗೆ, ಬಾಂಡೆ ತಿಕ್ಕೂದಕ್ಕ ವಾಶ್ ವೆಸಲ್ಸ್ ಅಂದ್ರ ತಿಳಿಯೂದಿಲ್ಲ, ಡು ದ ಡಿಶಸ್ ಅನ್ರಿ. ಬ್ರಿಟಿಷರು ವಾಶ್ ಅಪ್ ಅಂದ್ರ ಬಾಂಡೆ, ಅಮೆರಿಕಾದೋರು ವಾಶ್ ಅಪ್ ಅಂದ್ರ ಕೈ ಮಾರಿ ತೊಳಕೊಳ್ಳೂದು. ಕಸಾ ಬ್ಯಾರೆ ಮಾಡೂ ಶಬ್ದ ವೆಟ್ ವೇಸ್ಟ್, ಡ್ರೈ ವೇಸ್ಟ್, ಇದನ್ನ ಗೆಸ್ಟ್‌ಗೆ ನೀವ ತಿಳಿಸಿ ಹೇಳಬೇಕಾಗ್ತೈತಿ.

ರಷ್ಯನ್ ಗೆಸ್ಟ್‌ಗೆ ಭಾಳ ಸಲ ನಮ್ಮಷ್ಟೂ ಇಂಗ್ಲಿಷ್ ಬರೂದಿಲ್ಲ, ಅಲ್ಲೆ ಕೈ ಸನ್ನಿ. ಪಲತ್ಯೆಂತ್ಸೆ ಅಂದ್ರ ಟವೆಲ್, ವದಾ ಅಂದ್ರ ನೀರು, ಸ್ಪಸೀಬಾ ಅಂದ್ರ ಥ್ಯಾಂಕ್ಯೂ. ಮೂರು ಕಲತ್ರ ಮಾರಿ ಅರಳ್ತೈತಿ ಅವರದು.

ಈಗ ದೊಡ್ಡ ಗುಂಡಿ, ಯೆಸ್ ಮತ್ತ ನೋ. ಯು ಡೋಂಟ್ ಹ್ಯಾವ್ ಎ ಹೇರ್ ಡ್ರೈಯರ್? ಅಂತ ಗೆಸ್ಟ್ ಕೇಳಿದ್ರ, ಇಲ್ಲ ಅನ್ನಾಕ ನಾವು ಕನ್ನಡದಂಗ ಹೌದ್ರಿ ಇಲ್ಲ ಅಂತ ಮನಸಿನ್ಯಾಗ ಅಂದು ಬಾಯಾಗ ಬರೇ ಯೆಸ್ ಅಂತೀವಿ. ಅವರು ಐತಿ ಅಂತ ತಿಳಕೊಂಡು ಅರ್ಧಾ ತಾಸು ಹಸಿ ಕೂದಲಾಗ ಕಾಯ್ತಾರ. ಇಲ್ಲಂದ್ರ ನೋ, ವಿ ಡೋಂಟ್. ಇದ್ರ ಯೆಸ್, ವಿ ಡೂ. ಪ್ರಶ್ನಿ ಹೆಂಗರ ಕೇಳಲಿ, ಉತ್ತರ ಸಾಮಾನು ಐತೋ ಇಲ್ಲೋ ಅನ್ನೂದರ ಮ್ಯಾಲ. ಇದರ ಅಣ್ಣ ಇನ್ನೊಂದು ಐತಿ, ಡು ಯು ಮೈಂಡ್ ಇಫ್ ಐ ಲೀವ್ ಮೈ ಬ್ಯಾಗ್ ಹಿಯರ್? ಬ್ಯಾಗ್ ಇಲ್ಲೆ ಇಟ್ರ ನಿಮ್ಗ ತ್ರಾಸ ಏನು ಅಂತ ಕೇಳಾಕತ್ತಾರ, ಯೆಸ್ ಅಂದ್ರ ಹೌದು ತ್ರಾಸ ಐತಿ ಅಂತ ಆಗ್ತೈತಿ! ನಾಟ್ ಅಟ್ ಆಲ್ ಅನ್ರಿ.

ತಿಳೀಲಿಲ್ಲಂದ್ರ ಯೆಸ್ ಯೆಸ್ ಅಂತ ತೆಲಿ ಅಲುಗಾಡಿಸಬ್ಯಾಡ್ರಿ. ಸಾರಿ, ಕುಡ್ ಯು ಸೇ ದಟ್ ಅಗೇನ್ ಸ್ಲೋಲಿ, ಪ್ಲೀಸ್? ಅವರು ಬ್ಯಾಸರ ಮಾಡ್ಕೊಳ್ಳೂದಿಲ್ಲ, ತಪ್ಪು ಸಾಮಾನು ತಂದ್ರ ಮಾಡ್ಕೋತಾರ. ನಂಬರ್ ಹೇಳೂಮುಂದ ಫಿಫ್ಟೀನ್ ಫಿಫ್ಟಿ ಕಲಸಿಹೋಗ್ತಾವ, ಫೋನಿನ್ಯಾಗ ಒನ್ ಫೈವ್, ಫೈವ್ ಝೀರೋ ಅಂತ ಬಿಡಿಸಿ ಹೇಳ್ರಿ.

9. ಬಾಗಲಾ ಹಾಕೂಮುಂದ

ಸೋಪು, ಶಾಂಪೂ, ಚಾ ಪುಡಿ ಖಾಲಿ ಆಗಿದ್ದು ತುಂಬೂದಕ್ಕ ರೀಫಿಲ್, ರಿಪ್ಲೆನಿಶ್ ಅಂತ ಬುಕ್ಕಿನ್ಯಾಗ ಬರ್ತೈತಿ, ಬಾಯಾಗ ಟಾಪ್ ಅಪ್ ಅಂತಾರ. ಸಾಮಾನು ಸ್ಟೋರಿನ್ಯಾಗ ಮುಗದಿದ್ರ ವಿ ಹ್ಯಾವ್ ರನ್ ಔಟ್ ಆಫ್ ಟವೆಲ್ಸ್, ಇಲ್ಲೆ ಯಾರೂ ಓಡಿಹೋಗಿಲ್ಲ. ಗೆಸ್ಟ್ ಬಿಟ್ಟು ಹೋದ ಸಾಮಾನು ಸಿಕ್ರ ಲಾಸ್ಟ್ ಅಂಡ್ ಫೌಂಡ್ ರಿಜಿಸ್ಟರ್‌ದಾಗ ತಾರೀಖು, ರೂಮ್ ನಂಬರ್, ಏನು ಸಿಕ್ತು, ಎಲ್ಲೆ ಸಿಕ್ತು, ಯಾರಿಗೆ ಸಿಕ್ತು. ಅಂಡರ್ ದ ಬೆಡ್, ಬಿಹೈಂಡ್ ದ ಕರ್ಟನ್, ಇನ್ ದ ಡ್ರಾವರ್, ಈ ಮೂರು ಬಂದ್ರ ಎಲ್ಲೆ ಅನ್ನೂ ಕಾಲಮ್ ತುಂಬ್ತೈತಿ. ಬೀಚಿನ ಚಿಪ್ಪು ಇದ್ರೂ ಬರೀರಿ, ನಮ್ಮ ಮ್ಯಾಲ ಮಾತು ಬರಬಾರದು.

ಶೀಟಿನ್ಯಾಗ ರೂಮ್ ಸ್ಟೇಟಸ್ ಎರಡು ಮೂರು ಅಕ್ಷರದಾಗ ಬರೀತಾರ. ವಿಡಿ ಅಂದ್ರ ವೇಕೆಂಟ್ ಡರ್ಟಿ, ಖಾಲಿ ಐತಿ ಹೊಲಸೈತಿ. ವಿಸಿ ಅಂದ್ರ ವೇಕೆಂಟ್ ಕ್ಲೀನ್. ಓಸಿಸಿ ಅಂದ್ರ ಆಕ್ಯುಪೈಡ್, ಮಂದಿ ಅದಾರ. ಓಓಓ ಅಂದ್ರ ಔಟ್ ಆಫ್ ಆರ್ಡರ್, ರಿಪೇರಿ ಐತಿ ಯಾರಿಗೂ ಕೊಡೂ ಹಂಗಿಲ್ಲ. ಚೆಕ್‌ಔಟ್ ಅಂದ್ರ ಹೋದ್ರು, ಡ್ಯೂ ಔಟ್ ಅಂದ್ರ ಇವತ್ತು ಹೋಗೋರು, ಇನ್ನೂ ಹೋಗಿಲ್ಲ, ಇವೆರಡೂ ಒಂದ ಅಂತ ತಿಳದು ಒಮ್ಮೆ ಒಬ್ಬಾಕಿ ಒಳಗ ಗೆಸ್ಟ್ ಇದ್ದಾಗ ಚಾದರ ಎಳಿಯಾಕ ಹೋಗಿದ್ಲು.

ಇಂಟರ್‌ವ್ಯೂದಾಗ ಟೆಲ್ ಮಿ ಹೌ ಯು ಕ್ಲೀನ್ ಎ ಚೆಕ್‌ಔಟ್ ರೂಮ್ ಅಂತ ಕೇಳಿದ್ರ ಇದ ಆರ್ಡರ್‌ದಾಗ ಹೇಳ್ಕೋತ ಹೋಗ್ರಿ, ಫಸ್ಟ್ ಐ ನಾಕ್, ದೆನ್ ಐ ಓಪನ್ ದ ಕರ್ಟನ್ಸ್, ದೆನ್ ಐ ಎಂಪ್ಟಿ ದ ಬಿನ್, ದೆನ್ ಐ ಸ್ಟ್ರಿಪ್ ದ ಬೆಡ್... ಗ್ರಾಮರ್ ಬ್ಯಾಡ, ದೆನ್ ದೆನ್ ಅಂದ್ರ ಸಾಕು, ಯಾರೂ ನಗೂದಿಲ್ಲ. ನಮ್ಮ ತಂಗಿ ಮಗ ಡಿಸೆಂಬರ್‌ದಾಗ ಇನ್ನೊಂದು ಹೋಟೆಲ್‌ಗೆ ಹೋದಾಗ ಹಿಂಗ ಹೇ‍ಳಿದ್ನಂತ, ಬಾತ್‌ರೂಮಿಗೆ ಬರೂದ್ರೊಳಗ ಸಾಕಪ್ಪಾ ನಾಳಿಂದ ಬಾ ಅಂದ್ರಂತ.

ಎಲ್ಲಾ ಆದ ಮ್ಯಾಲ ಬಾಗಲದಾಗ ನಿಂತು ಒಮ್ಮೆ ಹಿಂದ ನೋಡ್ರಿ, ಬಾತ್‌ಟಬ್ಬಿನ್ಯಾಗ ಒಂದು ಕೂದಲಾ ಉಳದಿರ್ತೈತಿ, ನನಗ ಗೊತ್ತೈತಿ, ಅದನ್ನ ತೆಗೀರಿ. ಆಮ್ಯಾಲ ಫೋನ್ ಎತ್ತಿ, ರೂಮ್ ತ್ರೀ ಓ ಫೋರ್, ರೆಡಿ ಫಾರ್ ಇನ್‌ಸ್ಪೆಕ್ಷನ್.